ಕುಡಿಯುವ ನೀರಿನ ಜಲಾಶಯಕ್ಕೆ ಕಾಲು ಬಿಟ್ಟರೆ ನಿಜಕ್ಕೂ ಏನಾಗುತ್ತದೆ?

ಪ್ರಶ್ನೆ: ಸರ್, ನಮ್ಮ ನಗರಕ್ಕೆ ಕುಡಿಯುವ ನೀರು ಕೊಡುವ ಜಲಾಶಯ ಹತ್ತಿರದಲ್ಲೇ ಇದೆ. ಸುತ್ತ ಗುಡ್ಡ, ಮರ, ದಂಡೆಯ ಮೇಲೆ ನಡೆಯಲು ದಾರಿ. ನೋಡಲು ತುಂಬ ಚೆನ್ನಾಗಿದೆ. ಕಳೆದ ಭಾನುವಾರ ಹೆಂಡತಿ, ಇಬ್ಬರು ಮಕ್ಕಳು ಮತ್ತು ನಾಯಿಯ ಜೊತೆ ಹೋಗಿದ್ದೆ. ಚಿಕ್ಕವನು ದಡದಲ್ಲಿ ಕೂತು ನೀರಿಗೆ ಕಾಲು ಬಿಟ್ಟ. ವಾಚ್‌ಮನ್ ಸೀಟಿ ಊದುತ್ತ ಓಡಿ ಬಂದು, 'ಒಬ್ಬರು ಮುಟ್ಟಿದರೂ ಊರಿನ ನೀರೆಲ್ಲ ಕೆಡುತ್ತೆ' ಅಂತ ರೇಗಿದರು. ಅದೇ ಹೊತ್ತಿಗೆ ಸ್ವಲ್ಪ ಆಚೆ ಬಾತುಕೋಳಿಗಳ ಹಿಂಡೇ ಈಜುತ್ತಿತ್ತು. ಅವು ಹಿಕ್ಕೆ ಹಾಕುವುದಿಲ್ಲವೇ? ಬೇರೆ ಕೆಲವು ನಗರಗಳಲ್ಲಿ ಇಂಥದ್ದೇ ಜಲಾಶಯದಲ್ಲಿ ದೋಣಿ ಬಿಡುತ್ತಾರೆ, ಅಲ್ಲಿ ನೀರು ಕೆಡುವುದಿಲ್ಲವೇ? ಅವತ್ತಿನಿಂದ ಮಗ 'ಆ ನೀರನ್ನೇನಾ ನಾವು ಕುಡಿಯೋದು' ಅಂತ ಕೇಳುತ್ತಿದ್ದಾನೆ. ಹೆಂಡತಿ ನೀರನ್ನು ಎರಡೆರಡು ಸಲ ಕುದಿಸುತ್ತಿದ್ದಾಳೆ. ವರ್ಷಕ್ಕೆ ಒಂದೆರಡು ಸಲ ನಲ್ಲಿ ನೀರಿಗೆ ಮಣ್ಣಿನ ವಾಸನೆಯೂ ಬರುತ್ತದೆ. ಮುಂದಿನ ತಿಂಗಳು ತಂಗಿಯ ಮನೆಯವರು ಬರುತ್ತಾರೆ, ಗಾಳಿ ತುಂಬುವ ರಬ್ಬರ್ ದೋಣಿಯನ್ನೂ ತರುತ್ತಾರಂತೆ. ಕರೆದುಕೊಂಡು ಹೋಗಬಹುದಾ?

ಉತ್ತರ: ನೀರು ಸರಬರಾಜಿನ ಕೆಲಸದಲ್ಲೇ ವರ್ಷಗಳನ್ನು ಕಳೆದವನು ನಾನು. ಸೀಟಿ ಊದುವವರ ಕಡೆಯವನು ಅಂತಲೇ ಇಟ್ಟುಕೊಳ್ಳಿ. ಆದರೂ ಹೇಳುತ್ತೇನೆ, ನಿಮ್ಮ ವಾಚ್‌ಮನ್ ತಡೆದದ್ದು ಸರಿ, ಕೊಟ್ಟ ಕಾರಣ ತಪ್ಪು. ಒಂದು ಮಗುವಿನ ಕಾಲಿನಿಂದ ಜಲಾಶಯದ ನೀರು ಕೆಡುವುದಿಲ್ಲ. ತಪ್ಪು ಕಾರಣ ಕೇಳಿದವರು ಬಾತುಕೋಳಿ ಕಂಡ ಕೂಡಲೇ ನಿಯಮವೇ ಸುಳ್ಳು ಅಂದುಕೊಳ್ಳುತ್ತಾರೆ. ನಿಮಗೂ ಹಾಗೇ ಅನ್ನಿಸಿರಬೇಕು, ಅಲ್ವಾ?

ನಿಮ್ಮ ಪತ್ರದಲ್ಲಿ ಮೂರು ಆತಂಕ ಒಂದಕ್ಕೊಂದು ಸುತ್ತಿಕೊಂಡಿವೆ. ನಮ್ಮಿಂದ ನೀರು ಕೆಡುತ್ತದೆಯೇ, ಹಕ್ಕಿಯ ಹಿಕ್ಕೆ ನಮ್ಮ ಲೋಟಕ್ಕೆ ಬರುತ್ತದೆಯೇ, ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಕ್ಷೇಮವೇ. ನನ್ನ ಲೆಕ್ಕದಲ್ಲಿ ಮೂರನೆಯದೇ ದೊಡ್ಡದು. ನೀವು ಅದನ್ನು ಕೊನೆಯಲ್ಲಿ, ಅದೂ ರಬ್ಬರ್ ದೋಣಿಯ ನೆಪದಲ್ಲಿ ಕೇಳಿದ್ದೀರಿ.

ಮೊದಲು ಕೆಡುವ ಮಾತು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಮೌಂಟ್ ಟೇಬರ್ ಎಂಬ ಗುಡ್ಡದ ಉದ್ಯಾನದಲ್ಲಿ ನೀರಿನ ತೆರೆದ ತೊಟ್ಟಿಗಳಿವೆ. ತುಂಬ ಸುಂದರವಾದ ಜಾಗ, ಜನ ಸುತ್ತ ವಾಕಿಂಗ್ ಮಾಡುತ್ತಾರೆ. 2014ರಲ್ಲಿ ಅಲ್ಲಿ ಒಬ್ಬ ಹುಡುಗ ಬೇಲಿಯ ಮೂಲಕ ಮೂತ್ರ ಮಾಡಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ತೊಟ್ಟಿಯಲ್ಲಿ ಇದ್ದದ್ದು 14 ಕೋಟಿ ಲೀಟರಿಗೂ ಜಾಸ್ತಿ ನೀರು. ನಗರಾಡಳಿತ ಅಷ್ಟನ್ನೂ ಜನರಿಗೆ ಕೊಡುವುದಿಲ್ಲ ಎಂದು ಘೋಷಿಸಿತು. ಜಗತ್ತೆಲ್ಲ ನಕ್ಕಿತು. ಒಬ್ಬನ ಮೂತ್ರ 200 ಮಿಲಿಲೀಟರ್ ಅಂದುಕೊಂಡರೂ ಅದು 70 ಕೋಟಿಯಲ್ಲಿ ಒಂದು ಪಾಲು. ಪರೀಕ್ಷೆಯಲ್ಲೂ ನೀರು ಚೆನ್ನಾಗಿಯೇ ಇತ್ತು.

ಹಾಗಾದರೆ ಅವರು ಮಾಡಿದ್ದು ಹುಚ್ಚುತನವೇ? ನನಗೆ ಪೂರ್ತಿ ಹಾಗೆ ಅನ್ನಿಸುವುದಿಲ್ಲ. ಆ ತೊಟ್ಟಿಯಲ್ಲಿದ್ದದ್ದು ಆಗಲೇ ಶುದ್ಧ ಮಾಡಿದ ನೀರು. ಅಲ್ಲಿಂದ ನೇರ ಮನೆಯ ನಲ್ಲಿಗೆ. ಮಧ್ಯೆ ಸೋಸುವ ಹಂತ ಯಾವುದೂ ಇಲ್ಲ. ಇಂಥ ತೊಟ್ಟಿಗಳನ್ನು ಎಲ್ಲ ಕಡೆ ಮುಚ್ಚುತ್ತಲೋ ಕೈಬಿಡುತ್ತಲೋ ಬಂದಿದ್ದಾರೆ. ಮೌಂಟ್ ಟೇಬರ್ ತೊಟ್ಟಿಗಳನ್ನೂ 2015ರ ಕೊನೆಯ ಹೊತ್ತಿಗೆ ಕುಡಿಯುವ ನೀರಿನ ಜಾಲದಿಂದ ಬೇರ್ಪಡಿಸಿದರು. ಈಗ ಅವು ಬರೀ ನೋಟಕ್ಕೆ.

ಯಾವ ಜಲಾಶಯಕ್ಕೆ ಹೋದರೂ ಕೇಳಬೇಕಾದ ಪ್ರಶ್ನೆ ಇದೇ: ಈ ನೀರಿಗೂ ನಲ್ಲಿಗೂ ನಡುವೆ ಎಷ್ಟು ತಡೆಗಳಿವೆ? ನಿಯಮ ಬಿಗಿಯೋ ಸಡಿಲವೋ ಎನ್ನುವುದು ಬಹುಪಾಲು ಅದರ ಮೇಲೆ ನಿಂತಿದೆ. ಗುಡ್ಡಗಳ ನಡುವೆ ಹೊಳೆಗೆ ಅಡ್ಡ ಕಟ್ಟಿದ ದೊಡ್ಡ ಜಲಾಶಯದಲ್ಲಿ ಇರುವುದು ಸಾಮಾನ್ಯವಾಗಿ ಕಚ್ಚಾ ನೀರು. ಬಾತುಕೋಳಿ, ಮೀನು, ಮಳೆಯಲ್ಲಿ ಕೊಚ್ಚಿ ಬಂದ ಸಗಣಿ, ಕೊಳೆತ ಎಲೆ ಎಲ್ಲ ಇರುತ್ತದೆ ಎಂದು ಗೊತ್ತಿದ್ದೇ ಶುದ್ಧೀಕರಣ ಘಟಕ ಕಟ್ಟಿರುತ್ತಾರೆ.

ನಿಮ್ಮ ಮಗನಿಗೆ ಇದನ್ನು ಹೇಳಿ. ಜಲಾಶಯದಲ್ಲಿ ನೀರು ವಾರಗಟ್ಟಲೆ, ಕೆಲವೆಡೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಮಣ್ಣು ತಳಕ್ಕೆ ಇಳಿಯುತ್ತದೆ, ಮೇಲಿನ ನೀರಿಗೆ ಬಿಸಿಲು ಬಿದ್ದು ಬಹಳಷ್ಟು ರೋಗಾಣುಗಳು ಸಾಯುತ್ತವೆ. ನೀರು ಎತ್ತುವ ಗೋಪುರಕ್ಕೆ ಸಾಮಾನ್ಯವಾಗಿ ಬೇರೆ ಬೇರೆ ಎತ್ತರದಲ್ಲಿ ಗೇಟುಗಳಿರುತ್ತವೆ. ಯಾವ ಆಳದಲ್ಲಿ ನೀರು ಚೆನ್ನಾಗಿದೆಯೋ ಅಲ್ಲಿಂದ ಎಳೆಯುತ್ತೇವೆ. ಘಟಕಕ್ಕೆ ಬಂದ ಮೇಲೆ ಪಟಿಕ ಹಾಕಿ ಕೆಸರನ್ನು ಗಂಟು ಕಟ್ಟಿಸಿ ಕೆಳಗೆ ಕೂರಿಸುತ್ತೇವೆ. ಉಳಿದದ್ದು ಮರಳಿನ ಹಾಸಿನಲ್ಲಿ ನಿಲ್ಲುತ್ತದೆ. ಕೊನೆಗೆ ಕ್ಲೋರಿನ್. ಅದು ಪೈಪಿನ ಉದ್ದಕ್ಕೂ ಕಾವಲಿರಬೇಕು. ನಲ್ಲಿಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ನಲ್ಲಿ ನೀರಿಗೆ ಒಂಚೂರು ಕ್ಲೋರಿನ್ ವಾಸನೆ ಬಂದರೆ ನನಗೆ ಸಮಾಧಾನವೇ ಆಗುತ್ತದೆ.

ಇಷ್ಟೆಲ್ಲ ಇದ್ದ ಮೇಲೆ ಕಾಲು ಬಿಟ್ಟರೇನು ಅನ್ನುತ್ತೀರಿ. ಇಲ್ಲೇ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಯ ಕತೆ ಬರುತ್ತದೆ. ಭೇದಿ ತರುವ ಜೀವಿ ಇದು. ಇದರ ಮೊಟ್ಟೆಯಂಥ ಕೋಶ ಬರೀ 4ರಿಂದ 6 ಮೈಕ್ರಾನ್, ಕಣ್ಣಿಗೆ ಕಾಣುವುದಿಲ್ಲ. ದಪ್ಪ ಸಿಪ್ಪೆ ಇರುವುದರಿಂದ ಕ್ಲೋರಿನ್‌ಗೆ ಸುಲಭವಾಗಿ ಸಾಯುವುದಿಲ್ಲ. ಸರಿಯಾಗಿ ಕ್ಲೋರಿನ್ ಹಾಕಿದ ಈಜುಕೊಳದಲ್ಲೂ ದಿನಗಟ್ಟಲೆ ಬದುಕಿರುತ್ತದೆ. ಹೊಟ್ಟೆಗೆ ಹತ್ತಾರು ಕೋಶ ಹೋದರೂ ಕಾಯಿಲೆ ಬರಬಹುದು. ಭೇದಿ ನಿಂತ ಮೇಲೂ ಎರಡು ವಾರ ನೀರಿಗೆ ಇಳಿಯಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ರೋಗಿ ಗುಣವಾದಂತೆ ಕಂಡರೂ ಕೋಶಗಳು ಹೊರಬೀಳುತ್ತಲೇ ಇರುತ್ತವೆ.

1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಇದೇ ಜೀವಿ ನಲ್ಲಿ ನೀರಿಗೆ ಬಂದು ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು. ಅಲ್ಲಿ ನೀರಿನ ಮೂಲ ಮಿಷಿಗನ್ ಸರೋವರ. ಘಟಕವಿತ್ತು, ಸೋಸುವ ಹಾಸಿತ್ತು, ಕ್ಲೋರಿನ್ನೂ ಇತ್ತು. ಒಂದು ಘಟಕದಲ್ಲಿ ಸೋಸುವ ಕೆಲಸ ಸ್ವಲ್ಪ ಸಡಿಲವಾಗಿ ನೀರಿನ ಕದಡು ಏರಿತು, ಅಷ್ಟೇ ಸಾಕಾಯಿತು. ಈಜುವವರ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. 'ಘಟಕ ಇದೆಯಲ್ಲ' ಎಂಬ ಧೈರ್ಯದಲ್ಲಿ ಮೊದಲ ತಡೆಯನ್ನು ಬಿಟ್ಟುಕೊಡಲು ನಾವು ಏಕೆ ಹಿಂಜರಿಯುತ್ತೇವೆ ಎನ್ನುವುದಕ್ಕೆ ಹೇಳಿದೆ. ಯಾವುದೋ ಒಂದು ದಿನ ಒಂದು ತಡೆ ಕೈಕೊಡುತ್ತದೆ. ಅವತ್ತು ಉಳಿದವು ಗಟ್ಟಿಯಾಗಿರಬೇಕು.

ಬಾತುಕೋಳಿಗೂ ನಿಮ್ಮ ಮಗನಿಗೂ ಇರುವ ವ್ಯತ್ಯಾಸವೂ ಇಲ್ಲಿದೆ. ಹಕ್ಕಿಯ ಹಿಕ್ಕೆ ಶುದ್ಧ ಅಂತಲ್ಲ, ಅದರಲ್ಲೂ ನಮಗೆ ತಗಲುವ ಬ್ಯಾಕ್ಟೀರಿಯಾ ಇರಬಹುದು. ಆದರೆ ಮನುಷ್ಯನಿಗೆ ಬರುವ ವೈರಸ್, ಪರಾವಲಂಬಿಗಳು ಹೆಚ್ಚಾಗಿ ಹರಡುವುದು ಮನುಷ್ಯನಿಂದಲೇ. ಇನ್ನು ಹಕ್ಕಿಗಳನ್ನು ನಾವು ಸುಮ್ನೆ ಬಿಟ್ಟಿದ್ದೇವೆ ಅಂದುಕೊಳ್ಳಬೇಡಿ. ಬಾಸ್ಟನ್ ನಗರಕ್ಕೆ ನೀರು ಕೊಡುವ ಕ್ವಾಬಿನ್, ವಾಚುಸೆಟ್ ಜಲಾಶಯಗಳಲ್ಲಿ ಸೋಸದೆಯೇ, ಬರೀ ಓಝೋನ್, ಅತಿನೇರಳೆ ಬೆಳಕು ಮುಂತಾದವುಗಳಿಂದ ರೋಗಾಣು ಕೊಂದು ನೀರು ಕೊಡುತ್ತಾರೆ. ಅಲ್ಲಿ ರಾತ್ರಿ ತಂಗಲು ಬರುವ ಕಡಲಹಕ್ಕಿಗಳನ್ನು ನೀರು ಎತ್ತುವ ಜಾಗದಿಂದ ಓಡಿಸುವುದಕ್ಕೇ ಸಿಬ್ಬಂದಿ ಇದ್ದಾರೆ. ಹಗಲು ಕಸದ ಗುಡ್ಡೆಯಲ್ಲಿ ತಿಂದು ಬರುವ ಹಕ್ಕಿಗಳವು.

ದೋಣಿಯ ಪ್ರಶ್ನೆಗೂ ಉತ್ತರ ಇದೇ ದಾರಿಯಲ್ಲಿ ಸಿಗುತ್ತದೆ. ಸಿಂಗಪುರದಲ್ಲಿ ಮ್ಯಾಕ್‌ರಿಚಿ ಜಲಾಶಯದಲ್ಲೂ ನಗರದ ನಟ್ಟನಡುವಿನ ಮರೀನಾ ಜಲಾಶಯದಲ್ಲೂ ಹುಟ್ಟು ಹಾಕುವ ದೋಣಿ ಬಿಡುತ್ತಾರೆ. ಏಕೆಂದರೆ ಅಲ್ಲಿ ಮುಂದಿನ ಶುದ್ಧೀಕರಣ ತುಂಬ ಬಲವಾಗಿದೆ. ನ್ಯೂಯಾರ್ಕ್ ತನ್ನ ನೀರಿನ ಬಹುಪಾಲನ್ನು ಸೋಸುವುದೇ ಇಲ್ಲ. ಅಲ್ಲಿ ಮೀನು ಹಿಡಿಯಲು ಪರವಾನಗಿ ಬೇಕು, ದೋಣಿಯನ್ನು ಉಗಿಯಲ್ಲಿ ತೊಳೆಸಬೇಕು. ಈಜು ಇಲ್ಲ. ಅದೇ ನಗರದ ಸೆಂಟ್ರಲ್ ಪಾರ್ಕಿನ ಜಲಾಶಯದ ಸುತ್ತ ಜನ ದಿನವೂ ಓಡುತ್ತಾರೆ. ಆದರೆ 1862ರಲ್ಲಿ ಮುಗಿದ ಆ ಜಲಾಶಯ 1993ರಿಂದ ಕುಡಿಯುವ ನೀರು ಕೊಡುತ್ತಿಲ್ಲ. ಹಾಗಾಗಿ 'ಅಲ್ಲಿ ಬಿಡುತ್ತಾರೆ, ಇಲ್ಲಿ ಯಾಕಿಲ್ಲ' ಅನ್ನುವ ಮುಂಚೆ ಅಲ್ಲಿ ನೀರು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು.

ಮಣ್ಣಿನ ವಾಸನೆ ಬೇರೆ ವಿಷಯ. ಹೆದರುವಂಥದ್ದಲ್ಲ, ಆದರೆ ಪ್ರವಾಸಿಗರಿಗೂ ಅದಕ್ಕೂ ಒಂದು ನಂಟಿದೆ. ಜಲಾಶಯದಲ್ಲಿ ಕೆಲವು ಜಾತಿಯ ನೀಲಿ-ಹಸಿರು ಪಾಚಿ ಬೆಳೆದಾಗ ಜಿಯೋಸ್ಮಿನ್ ಎಂಬ ವಸ್ತು ನೀರಿಗೆ ಬರುತ್ತದೆ. ನಮ್ಮ ಮೂಗಿಗೆ ಇದು ಅತಿ ಸೂಕ್ಷ್ಮವಾಗಿ ಗೊತ್ತಾಗುತ್ತದೆ. 10 ಕೋಟಿ ಲೀಟರ್ ನೀರಿಗೆ ಒಂದು ಗ್ರಾಂ ಇದ್ದರೂ ಹಲವರು 'ಮಣ್ಣು ವಾಸನೆ' ಅನ್ನುತ್ತಾರೆ. ಆ ಪ್ರಮಾಣದಲ್ಲಿ ಅದರಿಂದ ಆರೋಗ್ಯಕ್ಕೆ ತೊಂದರೆಯಿಲ್ಲ. ಮಾಮೂಲಿ ಪಟಿಕ, ಮರಳು, ಕ್ಲೋರಿನ್‌ನಿಂದ ಇದು ಪೂರ್ತಿ ಹೋಗುವುದಿಲ್ಲ, ಸಕ್ರಿಯ ಇದ್ದಿಲು ಬೇಕು. ನಮ್ಮ ಕಚೇರಿಯ ಫೋನು ಅತಿ ಹೆಚ್ಚು ಹೊಡೆದುಕೊಳ್ಳುತ್ತಿದ್ದದ್ದು ಇಂಥ ವಾರಗಳಲ್ಲೇ. ನಿಜವಾಗಿ ಅಪಾಯ ಇರುವ ನೀರಿಗೆ ಎಷ್ಟೋ ಸಲ ವಾಸನೆಯೇ ಇರುವುದಿಲ್ಲ, ಆಗ ಒಬ್ಬರೂ ಫೋನ್ ಮಾಡುವುದಿಲ್ಲ!

ಆ ಪಾಚಿಗೆ ಮುಖ್ಯ ಊಟ ರಂಜಕ. ಅದು ಬಹುಪಾಲು ಬರುವುದು ಹೊಲದ ಗೊಬ್ಬರ ಮತ್ತು ಚರಂಡಿಯಿಂದ. ಪ್ರವಾಸಿಗರ ಪಾಲು ಅದರ ಮುಂದೆ ಕಡಿಮೆ. ಆದರೂ ಹಕ್ಕಿಗಳಿಗೆ ಎಸೆಯುವ ಬ್ರೆಡ್ಡು, ಊಟದ ಎಂಜಲು, ತಟ್ಟೆ ತೊಳೆದ ಸೋಪಿನ ನೀರು ಎಲ್ಲ ಒಂದೇ ದಡದಲ್ಲಿ ವಾರವಾರವೂ ಬೀಳುತ್ತವೆ. ಆ ಮೂಲೆಯಲ್ಲಿ ಪಾಚಿ ಮೊದಲು ಕಾಣಿಸಿಕೊಳ್ಳುತ್ತದೆ. ಊಟ ಹಾಕಿದ ಕಡೆ ಹಕ್ಕಿಗಳೂ ಜಾಸ್ತಿ ಸೇರುತ್ತವೆ.

ನೀಲಿ-ಹಸಿರು ಪಾಚಿಯ ಕೆಲವು ಬಗೆಗಳು ಬರೀ ವಾಸನೆಗೆ ನಿಲ್ಲುವುದಿಲ್ಲ, ವಿಷವನ್ನೂ ಬಿಡುತ್ತವೆ. 2014ರಲ್ಲಿ ಟೊಲಿಡೊ ಎಂಬ ನಗರದಲ್ಲಿ ಈರೀ ಸರೋವರದ ಪಾಚಿಯ ವಿಷ ನಲ್ಲಿ ನೀರಲ್ಲಿ ಸಿಕ್ಕಿ, 4 ಲಕ್ಷಕ್ಕೂ ಹೆಚ್ಚು ಜನ ಸುಮಾರು ಮೂರು ದಿನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ನಿಮಗೆ ಇದು ಮುಖ್ಯವಾಗುವುದು ನಾಯಿಯ ಕಾರಣಕ್ಕೆ. ದಡದಲ್ಲಿ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಂಡರೆ ನಾಯಿಯನ್ನು ಹತ್ತಿರ ಬಿಡಬೇಡಿ. ಆ ನೀರು ಕುಡಿದು, ಇಲ್ಲವೇ ಮೈಗೆ ಅಂಟಿದ್ದನ್ನು ನೆಕ್ಕಿ ನಾಯಿಗಳು ಸತ್ತದ್ದಿದೆ. ಮಕ್ಕಳೂ ಮುಟ್ಟಬಾರದು. ಕಂಡದ್ದನ್ನು ವಾಚ್‌ಮನ್‌ಗೆ ತಿಳಿಸಿ, ನಿಮ್ಮಿಂದ ನಮಗೆ ಆಗುವ ಉಪಕಾರ ಅದು. ಕೆನೆ ಇಲ್ಲದಿದ್ದರೂ ನಾಯಿಗೆ ಅನುಮತಿ ಇದೆಯೇ ಎಂದು ಮೊದಲು ಕೇಳಿ. ಇದ್ದರೆ ಹಗ್ಗ ಹಾಕಿ, ಅದರ ಹೇಲನ್ನು ಚೀಲದಲ್ಲಿ ತುಂಬಿ ವಾಪಸ್ ತನ್ನಿ. ಮಳೆ ಬಂದಾಗ ದಂಡೆಯ ಮೇಲಿನದೆಲ್ಲ ನೀರಿಗೇ ಇಳಿಯುವುದು.

ಈಗ ಮೂರನೆಯ ಆತಂಕಕ್ಕೆ ಬರೋಣ. ಜಲಾಶಯ ನೋಡಲು ಕೆರೆಯ ಹಾಗೇ ಇರುತ್ತದೆ. ನಾವು ಅದನ್ನು ಬಳಸುವುದು ಮಾತ್ರ ಟ್ಯಾಂಕಿನ ಹಾಗೆ: ತುಂಬಿಸುತ್ತೇವೆ, ಖಾಲಿ ಮಾಡುತ್ತೇವೆ. ಹಾಗಾಗಿ ದಡ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ನೀರು ಇಳಿದಾಗ ಹೊರಬರುವ ನೆಲ ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಾಣುತ್ತದೆ, ಕೆಳಗೆ ಹಸಿ ಹೂಳು. ಕಾಲಿಟ್ಟರೆ ಮೊಣಕಾಲವರೆಗೆ ಹೋಗಬಹುದು, ಎಳೆದಷ್ಟೂ ಹಿಡಿದುಕೊಳ್ಳುತ್ತದೆ. ಇನ್ನು ಕಲ್ಲು ಹಾಸಿದ ಇಳಿಜಾರು ಏರಿಯಲ್ಲಿ ನೀರಿನ ಅಂಚಿಗೆ ಪಾಚಿ ಹಿಡಿದಿರುತ್ತದೆ. ಜಾರಿದ ಮಗುವಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ನಿಮ್ಮ ಮಗ ಕೂತಿದ್ದದ್ದು ಇಂಥ ಕಡೆಯೇ ಇರಬೇಕು. ಅಲ್ಲಿ ಎರಡು ಹೆಜ್ಜೆಗೆ ಆಳ ತಲೆ ಮುಳುಗುವಷ್ಟಾಗುತ್ತದೆ.

ತಣ್ಣನೆಯ ನೀರು ಇನ್ನೊಂದು. ಬೇಸಿಗೆಯಲ್ಲಿ ಆಳದ ಜಲಾಶಯದ ನೀರು ಪದರವಾಗಿ ನಿಲ್ಲುತ್ತದೆ. ಮೇಲಿನ ಕೆಲವು ಮೀಟರ್ ಬೆಚ್ಚಗಿರುತ್ತದೆ, ಅದರ ಕೆಳಗೆ ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ಧುಮುಕಿದವನು ಆ ತಣ್ಣನೆಯ ಪದರಕ್ಕೆ ಇಳಿದ ಕೂಡಲೇ ಬೇಡವೆಂದರೂ ಬಾಯಿ ತೆರೆದು ಉಸಿರೆಳೆಯುತ್ತಾನೆ. 15 ಡಿಗ್ರಿಗಿಂತ ತಣ್ಣಗಿದ್ದರೆ ಇದು ಬಲವಾಗಿ ಆಗುತ್ತದೆ. ಆ ಒಂದು ಉಸಿರು ನೀರೊಳಗೆ ಬಂದರೆ ಈಜು ಬಂದರೂ ಉಪಯೋಗವಿಲ್ಲ.

ತೂಬು ಮತ್ತು ಗೇಟಿನ ವಿಷಯ ಹೊರಗಿನವರಿಗೆ ಹೊಳೆಯುವುದೇ ಇಲ್ಲ. 10 ಮೀಟರ್ ಆಳದಲ್ಲಿ, ಆಚೆ ಬದಿ ಖಾಲಿ ಇರುವ ಒಂದು ಬಾಯಿ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಇದೆ ಅನ್ನಿ. ಅದಕ್ಕೆ ಅಡ್ಡ ಬಂದ ವಸ್ತುವಿನ ಮೇಲೆ ಸುಮಾರು 2.5 ಟನ್ ಭಾರ ಒತ್ತುತ್ತದೆ. ಎಷ್ಟೇ ಗಟ್ಟಿ ಆಳಾದರೂ ಬಿಡಿಸಿಕೊಳ್ಳಲಾರ, ಮೇಲಿನವರು ಹಗ್ಗ ಕಟ್ಟಿ ಎಳೆಯಲೂ ಆಗದು. ನುರಿತ ಮುಳುಗುಗಾರರೂ ಗೇಟು ಮುಚ್ಚಿದೆ ಎಂದು ಖಾತ್ರಿಯಾಗದೆ ಹತ್ತಿರ ಸುಳಿಯುವುದಿಲ್ಲ. ಮೇಲಿನಿಂದ ನೋಡಿದರೆ ನೀರು ಶಾಂತವಾಗಿಯೇ ಇರುತ್ತದೆ. ಒಂದು ಸುಳಿಯೂ ಕಾಣದಿರಬಹುದು. ಕೋಡಿಯ ಹತ್ತಿರವೂ ಹೀಗೇ. ಏರಿಯ ಕೆಳಭಾಗದ ಹೊಳೆಯಲ್ಲಿ ಆಡುವವರಿಗೆ ಬೇರೆ ಅಪಾಯ. ಗೇಟು ಎತ್ತಿದಾಗ ಒಣ ಬಂಡೆಗಳ ನಡುವೆ ನಿಮಿಷಗಳಲ್ಲಿ ನೀರು ಏರುತ್ತದೆ, ಮೇಲೆ ಮಳೆ ಇಲ್ಲದಿದ್ದರೂ. ಸೈರನ್ ಕೇಳಿದರೆ ಸಾಮಾನು ಬಿಟ್ಟು ಮೇಲೆ ಹತ್ತಿ.

ಹೀಗಾಗಿ ರಬ್ಬರ್ ದೋಣಿಗೆ ನನ್ನ ಉತ್ತರ ಬೇಡ. ಅನುಮತಿ ಇಲ್ಲದ ಕಡೆ ಅಂತೂ ಬೇಡವೇ ಬೇಡ. ಗಾಳಿ ತುಂಬಿದ ಹಗುರ ದೋಣಿಯನ್ನು ದಡದಿಂದ ಬೀಸುವ ಗಾಳಿ ನಡುವಿಗೆ ತಳ್ಳಿಕೊಂಡು ಹೋಗುತ್ತದೆ, ಕೈಯಲ್ಲಿ ಹುಟ್ಟು ಹಾಕಿ ವಾಪಸ್ ಬರುವುದು ದೊಡ್ಡವರಿಗೂ ಕಷ್ಟ. ಮುಳುಗಿದ ಮರದ ಮೊನೆ ತಗಲಿದರೆ ಮುಗಿಯಿತು. ಇದಲ್ಲದೆ ತಂಗಿಯ ಮನೆಯವರು ಅದನ್ನು ಬೇರೆ ಯಾವುದೋ ನೀರಿನಲ್ಲಿ ಬಳಸಿರಬಹುದು. ಒದ್ದೆ ದೋಣಿಯ ಜೊತೆ ಕಳೆ, ಚಿಪ್ಪುಜೀವಿಗಳ ಮರಿ ಬರುತ್ತವೆ. ಉತ್ತರ ಅಮೆರಿಕದಲ್ಲಿ ಹೀಗೆ ದೋಣಿಗಳಿಗೆ ಅಂಟಿ ಹರಡಿದ ಝೀಬ್ರಾ, ಕ್ವಾಗಾ ಎಂಬ ಚಿಪ್ಪುಜೀವಿಗಳು ನೀರಿನ ಪೈಪುಗಳನ್ನೇ ಕಟ್ಟಿಹಾಕಿವೆ. ದೋಣಿಯೇ ಆಸೆಯಾದರೆ ಲೈಫ್ ಜಾಕೆಟ್ ಕೊಟ್ಟು, ರಕ್ಷಣಾ ಸಿಬ್ಬಂದಿ ಇಟ್ಟು ನಡೆಸುವ ಜಾಗಕ್ಕೆ ಹೋಗಿ.

ಉಳಿದದ್ದೆಲ್ಲ ಮಾಡಿ. ದಂಡೆಯ ದಾರಿಯಲ್ಲಿ ನಡೆಯಿರಿ, ಹಕ್ಕಿ ನೋಡಿ, ಊಟವನ್ನು ನೀರಿನಿಂದ ದೂರ ಕೂತು ಮಾಡಿ, ಎಂಜಲು ವಾಪಸ್ ತನ್ನಿ. ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಪೊದೆಯ ಮರೆಗೆ ಹೋಗುವುದು ಕಾಲು ಅದ್ದುವುದಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು. ಯಾರಿಗಾದರೂ ಭೇದಿ ಇದ್ದರೆ ಆ ವಾರ ಹೋಗಬೇಡಿ. ಡೈಪರ್ ಹಾಕುವ ಮಗು ಇದ್ದರೆ ಬದಲಿಸುವ ಕೆಲಸ ದಡದಲ್ಲಿ ಬೇಡ.

ಮನೆಯ ನೀರಿನ ಬಗ್ಗೆ ನಿಮ್ಮ ಹೆಂಡತಿಗೆ ಹೇಳಿ, ಎರಡು ಸಲ ಕುದಿಸಿದರೆ ಗ್ಯಾಸ್ ಖರ್ಚಾಗುವುದು ಬಿಟ್ಟರೆ ಬೇರೆ ಲಾಭವಿಲ್ಲ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ತುಂಬ ಎತ್ತರದ ಊರುಗಳಲ್ಲಿ ಮೂರು ನಿಮಿಷ. ಕ್ರಿಪ್ಟೋಸ್ಪೊರಿಡಿಯಂ ಕೂಡ ಅಷ್ಟಕ್ಕೆ ಸಾಯುತ್ತದೆ. ಮೊದಲ ಮಳೆಯ ನಂತರ ನೀರು ಕೆಂಪಾಗಿ ಬಂದರೆ ಮಾತ್ರ ತಪ್ಪದೆ ಕುದಿಸಿ. ಕದಡು ನೀರಿನಲ್ಲಿ ಮಣ್ಣಿನ ಕಣದ ಮರೆಗೆ ಅಡಗಿದ ರೋಗಾಣುವನ್ನು ಕ್ಲೋರಿನ್ ಮುಟ್ಟುವುದಿಲ್ಲ. ಘಟಕಗಳಿಗೆ ಬಹಳ ಕಷ್ಟದ ದಿನಗಳು ಅವು. ಉಳಿದ ದಿನಗಳಲ್ಲಿ ನಾನು ಮೊದಲು ನೋಡುವುದು ಜಲಾಶಯವನ್ನಲ್ಲ, ಮನೆಯ ಸಂಪು ಮತ್ತು ಮೇಲಿನ ಟ್ಯಾಂಕನ್ನು. ಮುಚ್ಚಳ ಸರಿಯಿಲ್ಲದ ಟ್ಯಾಂಕಿನಲ್ಲಿ ಪಾರಿವಾಳ ಹಿಕ್ಕೆ ಹಾಕಿದರೆ ಅದರ ಮುಂದೆ ಯಾವ ಘಟಕವೂ ಇಲ್ಲ, ಮರಳಿನ ಹಾಸೂ ಇಲ್ಲ.

ಕೊನೆಗೊಂದು, ನೀವು ಕೇಳದಿದ್ದರೂ. ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರಬೇಡಿ. ಕಾಪಾಡಲು ಹೋದವರೂ ಹೋಗುವುದು ಇಂಥ ಜಾಗಗಳಲ್ಲಿ ಮತ್ತೆ ಮತ್ತೆ ಆಗುತ್ತದೆ. ನೆಲದ ಮೇಲೆ ಮಲಗಿ ಕೋಲು, ದುಪಟ್ಟಾ, ಹಗ್ಗ ಚಾಚಿ. ಖಾಲಿ ಕ್ಯಾನಿಗೆ ಮುಚ್ಚಳ ಹಾಕಿ ಎಸೆದರೆ ಹಿಡಿದುಕೊಂಡು ತೇಲಲು ಆಗುತ್ತದೆ. ಬಿದ್ದ ಜಾಗದಿಂದ ಕಣ್ಣು ತೆಗೆಯಬೇಡಿ, ಇನ್ನೊಬ್ಬರನ್ನು ವಾಚ್‌ಮನ್ ಹತ್ತಿರ ಓಡಿಸಿ. ಅವರ ಕೈಯಲ್ಲಿ ಕಂಟ್ರೋಲ್ ರೂಮಿನ ನಂಬರು ಇರುತ್ತದೆ. ಗೇಟು ತೆರೆದಿದ್ದರೆ ಅದನ್ನು ಮುಚ್ಚಿಸುವುದು ಆ ಒಂದು ಫೋನಿನಿಂದ ಮಾತ್ರ ಸಾಧ್ಯ.